ಪೆನ್‌ಡ್ರೈವಿನಲ್ಲಿದ್ದ ಹೂಂ

ಮಾರ್ಚ್ 2, ಸೋಮವಾರ

ಇವತ್ತು ಪಂಪ್‌ಸೆಟ್ ಕಂಪನಿಯವರ ಸಭೆಯಲ್ಲಿ ಭಾಷಣ. ವಿಷಯ: ‘ಒಬ್ಬನೇ ಗೆದ್ದರೆ ಅದು ಗೆಲುವಲ್ಲ.’ ಚಪ್ಪಾಳೆ ಹದಿನೇಳು ಸಲ. ಎಣಿಸಿದ್ದು ನಾನೇ. ಮಾತಾಡುತ್ತಲೇ ಚಪ್ಪಾಳೆ ಎಣಿಸುವ ವಿದ್ಯೆ ಮೂವತ್ತು ವರ್ಷದ ತಪಸ್ಸಿಗೆ ಒಲಿದದ್ದು.

ಕಾಣಿಕೆಯಾಗಿ ಒಂದು ಗೋಡೆ ಗಡಿಯಾರ, ಒಂದು ಡೈರಿ ಕೊಟ್ಟರು. ಗಡಿಯಾರ ನಮ್ಮ ಮನೆಗೆ ಹನ್ನೊಂದನೆಯದು. ಹನ್ನೊಂದೂ ಹನ್ನೊಂದು ಹೊತ್ತು ತೋರಿಸುತ್ತವೆ. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಹಗಲೆಲ್ಲ ಊರವರ ಬಾಯಿ ತೆರೆಸುವ ಕೆಲಸ, ಮನೆಗೆ ಬಂದಮೇಲೆ ನನ್ನ ಬಾಯಿ ಮುಚ್ಚಿಸುವ ಕೆಲಸ. ಗಡಿಯಾರ ನೋಡಿ, ‘ಟೈಮಾಯ್ತು ಅಂತ ಇಷ್ಟು ಜನ ಹೇಳ್ತಿದ್ದಾರೆ, ನಿಮಗಿನ್ನೂ ಅರ್ಥವಾಗಿಲ್ಲ’ ಎಂದಳು.

ಡೈರಿಯ ಮೊದಲ ಪುಟದಲ್ಲಿ ಹೆಸರು, ರಕ್ತದ ಗುಂಪು, ಅಪಘಾತವಾದರೆ ಯಾರಿಗೆ ತಿಳಿಸಬೇಕು ಎಂದೆಲ್ಲ ಕೇಳಿದ್ದಾರೆ. ಹೆಸರಿನ ಜಾಗದಲ್ಲಿ ‘ಗುಡುಗು’ ಎಂದು ಬರೆದೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಕರೆಂಟ್ ಬಿಲ್ಲಿಗೆ ಮಾತ್ರ ಬಳಕೆಯಲ್ಲಿದೆ. ಉದ್ಯೋಗ: ಹಿಪ್‌ಹಾಪ್ ಸಾಹಿತಿ ಮತ್ತು ಭಾಷಣಕಾರ. ಅಂದರೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬೀದಿಯಲ್ಲಿ ನಿಂತು ದೊಡ್ಡವರನ್ನು ಪ್ರಾಸದಲ್ಲಿ ಬೈಯುತ್ತಿದ್ದವನು ಐವತ್ತನಾಲ್ಕರಲ್ಲಿ ಅದೇ ದೊಡ್ಡವರ ಏಸಿ ಹಾಲಿನಲ್ಲಿ ನಿಂತು ಅವರ ನೌಕರರಿಗೆ ಗದ್ಯದಲ್ಲಿ ಬುದ್ಧಿ ಹೇಳುತ್ತೇನೆ.

ಭಾಷಣದ ಜೀವಾಳ ನನ್ನ ಹಳೆಯ ಜೊತೆಗಾರನ ಕಥೆ. ‘ಎಂಟು ವರ್ಷ ನನ್ನ ಪಕ್ಕ ನಿಂತ ಗೆಳೆಯ ಒಂದು ದಿನ ಹೆಗಲ ಮೇಲೆ ಕೈಯಿಟ್ಟು, ನಾನಿದ್ದರೆ ನಿನಗೆ ಭಾರ, ನೀನು ಹಾರು ಕಣೋ ಅಂದ’ ಎಂದು ಹೇಳಿ ಒಂದು ಗುಟುಕು ನೀರು ಕುಡಿಯುತ್ತೇನೆ. ಆ ನೀರಿಗೇ ಮೂರು ಚಪ್ಪಾಳೆ. ಇಪ್ಪತ್ತೆರಡು ವರ್ಷದಿಂದ ಹೀಗೇ ಹೇಳುತ್ತಿದ್ದೇನೆ.

ನಡೆದದ್ದು ಸ್ವಲ್ಪ ಬೇರೆ. ಇರಲಿ.

ಮಾರ್ಚ್ 4, ಬುಧವಾರ

ಈ ತಿಂಗಳ ಮೂವತ್ತಕ್ಕೆ ನನ್ನ ಮೂವತ್ತು ವರ್ಷದ ಕಾರ್ಯಕ್ರಮ. ಟೌನ್ ಹಾಲ್, ದೀಪಗಳು, ನಾನು. ಬೆಳಿಗ್ಗೆ ತಾಲೀಮು ಶುರುಮಾಡಿದೆ.

ನಮ್ಮ ಕಸುಬಿನಲ್ಲಿ ಹಾಡುವವನ ಪಕ್ಕ ಇನ್ನೊಬ್ಬ ನಿಲ್ಲುತ್ತಾನೆ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟಲು ಒಬ್ಬರು ಬೇಕಲ್ಲ, ಇಲ್ಲದಿದ್ದರೆ ‘ಮಲಗಿದ್ಯೇನೋ’ ಎಂದು ಅಜ್ಜಿ ಕಥೆಯನ್ನೇ ನಿಲ್ಲಿಸುತ್ತಾಳಲ್ಲ, ಅದೇ ಹುದ್ದೆ. ನನ್ನ ಪಕ್ಕ ನಿಂತವನ ಹೆಸರೇ ಹೂಂ ಎಂದಾಗಿಬಿಟ್ಟಿತ್ತು. ‘ಹಸಿದ ಹೊಟ್ಟೆ ತಾಳ ಹಾಕಿತು, ತುಂಬಿದ ಹೊಟ್ಟೆ ತೂಕಡಿಸಿತು’ ಎಂದು ನಾನು ಎಸೆದರೆ ಅವನು ‘ಹೂಂ’ ಎನ್ನುತ್ತಿದ್ದ. ಅದೊಂದು ಹೂಂನಲ್ಲಿ ‘ಹೌದು’, ‘ಆಮೇಲೆ?’, ‘ಬಿಡಬೇಡ ಅವರನ್ನ’ ಎಲ್ಲ ಇರುತ್ತಿತ್ತು.

ಇನ್ನೊಂದು ಗುಟ್ಟಿದೆ. ನಾನು ಸಾಲು ಬರೆಯುತ್ತಿದ್ದದ್ದೇ ಇಬ್ಬರ ಎದೆಗೆ. ಅವನ ಹೂಂ ಬೀಳುವ ಹೊತ್ತಿಗೆ ನಾನು ಕಳ್ಳತನದಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದೆ. ಆ ಹೂಂ ಎಷ್ಟು ದಪ್ಪ ಎಂದರೆ ಅದರ ಹಿಂದೆ ಒಂದು ಉಸಿರು ಆರಾಮಾಗಿ ಬಚ್ಚಿಟ್ಟುಕೊಳ್ಳಬಹುದಿತ್ತು. ಪತ್ರಿಕೆಯವರು ನನಗೆ ‘ಒಂದೇ ಉಸಿರಿನ ಸರದಾರ’ ಎಂದು ಬಿರುದು ಕೊಟ್ಟರು. ಬೇಡ ಎನ್ನುವುದು ದೊಡ್ಡಸ್ತಿಕೆ ಆಗುತ್ತದೆಂದು ಸುಮ್ಮನಿದ್ದೆ.

ಈಗ ಆ ಹೂಂಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿವೆ. ಒಟ್ಟು ಅರವತ್ತೆರಡು ಬಗೆ. ಊಟ ಕೇಳುವುದಿಲ್ಲ, ಕಾರಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳುವುದಿಲ್ಲ, ನನ್ನ ಅಂಗಿಯ ಜೇಬಿನಲ್ಲೇ ಸಂಚಾರ. ಒಂದೊಂದೂ ನನಗೆ ಬಾಯಿಪಾಠ.

ಮಾರ್ಚ್ 5, ಗುರುವಾರ

ಊಟಕ್ಕೆ ಕೂತಿದ್ದಾಗ ಒಂದು ಫೋನ್. ‘ಗುಡುಗು ಮಾಮ, ನಾನು’ ಎಂದಿತು ಒಂದು ಹೆಣ್ಣು ಧ್ವನಿ. ಹೂಂನ ಮಗಳು. ಕೊನೆಯ ಸಲ ನೋಡಿದಾಗ ಡ್ರಮ್ಮಿನ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಂತೆ.

ಎಂಟು ತಿಂಗಳ ಹಿಂದೆ ಅವಳಪ್ಪನ ಗಂಟಲಿಗೆ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಜೀವ ಉಳಿಯಿತು, ಮಾತು ಹೋಯಿತು. ಈಗ ಫೋನಿನಲ್ಲಿ ಟೈಪ್ ಮಾಡಿದರೆ ಫೋನು ಓದಿ ಹೇಳುತ್ತದೆ, ಆದರೆ ಯಾರದೋ ಧ್ವನಿಯಲ್ಲಿ. ಹಳೆಯ ರೆಕಾರ್ಡಿಂಗ್ ಕೊಟ್ಟರೆ ಅದೇ ಮನುಷ್ಯನ ಧ್ವನಿಯನ್ನು ಮತ್ತೆ ಕಟ್ಟಿಕೊಡುವ ತಂಡವೊಂದಿದೆ. ಸಂಗೀತವಿಲ್ಲದ, ಬರೀ ಮಾತಿನ ಅರ್ಧ ಗಂಟೆ ಬೇಕು. ಇಪ್ಪತ್ತೆರಡನೇ ತಾರೀಖಿನೊಳಗೆ ಕೊಡಬೇಕು, ತಪ್ಪಿದರೆ ಮುಂದಿನ ವರ್ಷ. ಮನೆಯಲ್ಲಿರುವ ವಿಡಿಯೊಗಳಲ್ಲಿ ಅಪ್ಪ ಕ್ಯಾಮೆರಾ ಹಿಂದೆ ಇರುತ್ತಾರೆ, ಇಲ್ಲವೇ ಮಿಕ್ಸಿ ಓಡುತ್ತಿರುತ್ತದೆ.

‘ನಿಮ್ಮ ಹತ್ರ ಸ್ಟುಡಿಯೋದ ಹಳೇ ಟೇಪ್ ಇರಬಹುದೇನೋ ಅಂತ ಅಮ್ಮ ಅಂದ್ರು.’

ಹುಡುಕುತ್ತೇನಮ್ಮ ಎಂದೆ.

ಆಪರೇಷನ್ ಸುದ್ದಿ ನನಗೆ ಆಗಲೇ ಬಂದಿತ್ತು, ಎಂಟು ತಿಂಗಳ ಹಿಂದೆಯೇ, ಹಳೆಯ ಹುಡುಗರ ವಾಟ್ಸಾಪ್ ಗುಂಪಿನಲ್ಲಿ. ಗುಲಾಬಿ ಹೂವಿನ ಚಿತ್ರದ ಮೇಲೆ ‘ಬೇಗ ಗುಣಮುಖರಾಗಿ’ ಎಂದು ಬರೆದಿದ್ದೊಂದನ್ನು ಕಳಿಸಿದ್ದೆ. ಮಾತು ಮಾರಿ ಮನೆ ಕಟ್ಟಿದವನು, ಹಳೆಯ ಗೆಳೆಯನಿಗೆ ಬಂದದ್ದನ್ನೇ ಮುಂದಕ್ಕೆ ತಳ್ಳಿದ ಗುಲಾಬಿ.

ಮಾರ್ಚ್ 8, ಭಾನುವಾರ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಮೂರು ಟೇಪು. ಹುಡುಕಲು ಎರಡು ನಿಮಿಷ ಬೇಕಾಯಿತು. ಎಲ್ಲಿವೆ ಎಂದು ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದ ವಸ್ತುವನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ.

ನಮ್ಮ ಸ್ಟುಡಿಯೋ ಇದ್ದದ್ದು ನಮ್ಮ ಹಾಡು ರೆಕಾರ್ಡ್ ಮಾಡುತ್ತಿದ್ದ ಸೌಂಡಿನವನ ಕಾರ್ ಶೆಡ್ಡಿನಲ್ಲಿ. ನಡುವೆ ಗೋಡೆ, ಆ ಕಡೆ ಹಾಡುವ ಕೋಣೆ, ಈ ಕಡೆ ಮಿಷನ್ನು. ಗಾಜಿನ ಕಿಟಕಿ ಇಡುವಷ್ಟು ಸ್ಥಿತಿವಂತರಲ್ಲ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದೆವು. ಸೌಂಡಿನವನಿಗೊಂದು ಚಾಳಿ: ಒಮ್ಮೆ ಟೇಪು ಹಾಕಿದರೆ ನಿಲ್ಲಿಸುತ್ತಿರಲಿಲ್ಲ. ‘ಒಳ್ಳೇ ಸಾಲು ಯಾವಾಗ ಬೀಳುತ್ತೋ ಯಾರಿಗ್ಗೊತ್ತು’ ಎನ್ನುತ್ತಿದ್ದ. ಹೀಗಾಗಿ ನಮ್ಮ ಹರಟೆ, ಕೆಮ್ಮು, ಜಗಳ ಎಲ್ಲ ದಾಖಲಾಗಿವೆ.

ಹಳೆಯ ಟೇಪ್‌ರೆಕಾರ್ಡರ್ ಇಳಿಸಿ ಹಾಕಿ ನೋಡಿದೆ. ಮೊದಲನೆಯದಕ್ಕೆ ಬೂಷ್ಟು. ಎರಡನೆಯದರಲ್ಲಿ ಉದ್ದಕ್ಕೂ ಡ್ರಮ್ಮು. ಮೂರನೆಯದು ಚೊಕ್ಕವಾಗಿದೆ. ಬರೀ ಮಾತು. ಹೂಂ ತನ್ನ ಮದುವೆಯಲ್ಲಿ ಚಪ್ಪಲಿ ಕಳೆದುಕೊಂಡ ಕಥೆಯನ್ನು ಅರ್ಧ ಗಂಟೆಗೂ ಮೇಲೆ ಹೇಳುತ್ತಾನೆ. ಅವಳಿಗೆ ಬೇಕಾದದ್ದು ಇದೇ.

ಇದೇ ಟೇಪಿನಲ್ಲಿ ನಾನೂ ಇದ್ದೇನೆ. ಅದಕ್ಕೇ ಇದು ಅಟ್ಟದ ಮೇಲಿದ್ದದ್ದು.

ಆ ರೆಕಾರ್ಡಿಂಗಿನ ಹಿಂದಿನ ವಾರ ಒಂದು ಕಾರ್ಯಕ್ರಮದಲ್ಲಿ ಜನ ನನ್ನ ಸಾಲಿಗಲ್ಲ, ಅವನ ಹೂಂಗೆ ಸಿಳ್ಳೆ ಹೊಡೆದಿದ್ದರು. ಹೊರಗೆ ಬಂದಾಗ ಒಂದು ಮಗು ಓಡಿ ಬಂದು ಅವನ ಕೈ ಹಿಡಿದು, ಒಂದು ಸಲ ಹೂಂ ಅನ್ನಿ ಎಂದು ಪೀಡಿಸಿತು. ಆಮೇಲೆ ನನ್ನ ಕಡೆ ತಿರುಗಿ, ‘ನೀವು ಇವರ ಪಕ್ಕ ನಿಂತಿದ್ರಲ್ಲ’ ಎಂದಿತು. ಒಂದು ಮಗುವಿನ ಮಾತಿಗೆ ಮೂವತ್ತೆರಡು ವರ್ಷದ ಗಂಡಸು ಒಂದು ವಾರ ನಿದ್ದೆಗೆಟ್ಟ.

ಟೇಪಿನಲ್ಲಿ ಹೂಂ ಟೀ ತರಲು ಹೋಗುತ್ತಾನೆ. ಬಾಗಿಲ ಸದ್ದು. ಒಂದಷ್ಟು ಹರಟೆ. ಆಮೇಲೆ ನನ್ನ ಧ್ವನಿ, ಸೌಂಡಿನವನಿಗೆ: ‘ಅವನು ಬಂದಮೇಲೆ ಮೈಕ್ ಟೆಸ್ಟ್ ಅಂತ ಹೇಳಿ ಒಂದೈವತ್ತು ಹೂಂ ತೆಗೆದಿಟ್ಕೋ. ಧ್ವನಿ ಇದ್ರೆ ಸಾಕು. ಆಳನ್ನ ಯಾಕೆ ಹೊತ್ಕೊಂಡು ತಿರುಗಬೇಕು?’

ಅಲ್ಲಿಗೆ ನಿಲ್ಲಿಸಿದೆ. ಮುಂದಿನದು ಗೊತ್ತು. ಅವನು ಬಂದ, ಮೈಕ್ ಟೆಸ್ಟ್ ಎಂದು ನಂಬಿ ಅರವತ್ತೆರಡು ಸಲ ಹೂಂ ಎಂದ. ಮುಂದಿನ ಕಾರ್ಯಕ್ರಮಕ್ಕೆ ನಾನು ಅವನನ್ನು ಕರೆಯಲಿಲ್ಲ. ಅದರ ಮುಂದಿನದಕ್ಕೂ ಕರೆಯಲಿಲ್ಲ. ಅವನೂ ಕೇಳಲಿಲ್ಲ. ಅವನು ಕೇಳದಿದ್ದುದನ್ನೇ ನಾನು ಭಾಷಣಕ್ಕೆ ಹೊಂದಿಸಿಕೊಂಡೆ.

ಮಾರ್ಚ್ 11, ಬುಧವಾರ

ಮಗಳ ಮೆಸೇಜು: ಸಿಕ್ಕಿತಾ ಮಾಮ?

ಅಟ್ಟದಲ್ಲಿ ಜೇನು ಕಟ್ಟಿದೆ, ಹತ್ತಲು ಆಗುತ್ತಿಲ್ಲ ಎಂದು ಬರೆದೆ. ನಮ್ಮ ಅಟ್ಟದಲ್ಲಿ ನೊಣವೂ ಇಲ್ಲ.

ಮಾರ್ಚ್ 13, ಶುಕ್ರವಾರ

ಅವನ ಮನೆಗೆ ಹೋಗಿ ಬಂದೆ. ಟೇಪನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ.

ಕೆಳಗೆ ಡ್ರೈವಿಂಗ್ ಸ್ಕೂಲು, ಮೇಲೆ ಮನೆ. ನನ್ನನ್ನು ಬಿಟ್ಟ ಮೇಲೆ, ಅಲ್ಲ, ನಾನು ಬಿಟ್ಟ ಮೇಲೆ, ಅವನು ಹುಡುಕಿಕೊಂಡ ಕೆಲಸ ಕಾರು ಕಲಿಸುವುದು. ಮತ್ತೆ ಪಕ್ಕದ ಸೀಟು, ಮತ್ತೆ ಹೂಂ. ಇಪ್ಪತ್ತೆರಡು ವರ್ಷ ಗಡಗಡ ನಡುಗುವವರ ಪಕ್ಕ ಕೂತು ‘ಹೂಂ, ಹೂಂ, ಬರಲಿ’ ಎಂದು ಅವರನ್ನು ರಸ್ತೆಗೆ ದಾಟಿಸಿದ್ದಾನೆ. ಅವನ ಕಾರಿನಲ್ಲಿ ಅವನ ಕಾಲಿಗೂ ಒಂದು ಬ್ರೇಕು ಇದೆ. ನನ್ನ ಪಕ್ಕ ನಿಂತಾಗಲೂ ಅಂಥದೊಂದು ಇದ್ದಿದ್ದರೆ ಚೆನ್ನಾಗಿತ್ತು.

ತೆಳ್ಳಗಾಗಿದ್ದಾನೆ. ಕೊರಳಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ನನ್ನನ್ನು ನೋಡಿ ಫೋನು ತೆಗೆದು ಕುಟ್ಟಿದ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಹೇಳುವ ಹೆಂಗಸಿನ ಧ್ವನಿಯಲ್ಲಿ ಫೋನು, ‘ಕುಳಿತುಕೊಳ್ಳೋ. ಹೊಟ್ಟೆ ಬಂದಿದೆ’ ಎಂದಿತು. ನಾನು ನಕ್ಕೆ. ಅವನೂ ನಕ್ಕ. ಭುಜ ಕುಣಿಯಿತು, ಸದ್ದಿಲ್ಲ.

ಅವನ ಹೆಂಡತಿ ಹೇಳಿದ್ದು ಇಷ್ಟು: ‘ನನ್ನ ಗಂಡನ ಒಳಗಿಂದ ಇನ್ನೊಬ್ಬಳು ಮಾತಾಡ್ತಾಳೆ ಅಣ್ಣಾ. ಜಗಳ ಆಡೋಕೂ ಮನಸ್ಸು ಬರಲ್ಲ.’ ಕಾರು ಕಲಿಯುವವನೊಬ್ಬ ‘ಬ್ರೇಕ್ ಒತ್ತಿ’ ಎಂಬ ಹೆಂಗಸಿನ ಧ್ವನಿ ಕೇಳಿ, ಬ್ರೇಕು ಒತ್ತುವುದು ಬಿಟ್ಟು ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಎಂದು ತಿರುಗಿ ನೋಡಿದನಂತೆ. ಕಾರು ಹಾಲಿನ ಬೂತಿಗೆ ಮುತ್ತಿಟ್ಟಿತು. ಅವತ್ತಿನಿಂದ ಹೂಂ ಪಾಠಕ್ಕೆ ಹೋಗುವುದನ್ನು ನಿಲ್ಲಿಸಿದ್ದಾನೆ. ತನ್ನ ಧ್ವನಿ ಬಂದರೆ ಮತ್ತೆ ಹೋಗುತ್ತಾನಂತೆ. ನಿಧಾನ, ಎಡಕ್ಕೆ, ಬ್ರೇಕು, ಹೂಂ ಎಂದು ಮಗಳು ಫೋನಿನಲ್ಲಿ ನಲವತ್ತು ಗುಂಡಿ ಮಾಡಿಟ್ಟಿದ್ದಾಳೆ. ಧ್ವನಿಯೊಂದು ಬಾಕಿ.

ಟೇಪು ಸಿಕ್ಕಿತೇ ಎಂದು ಮಗಳು ಕೇಳಿದಳು. ಹುಡುಕುತ್ತಾ ಇದ್ದೇನೆ ಎಂದೆ. ಚೀಲ ನನ್ನ ಕಾಲ ಬುಡದಲ್ಲೇ ಇತ್ತು. ಹೂಂ ತಲೆಯಾಡಿಸಿದ. ಹಳೆಯ ಲಯದಲ್ಲೇ, ಸಾಲು ಮುಗಿದ ಜಾಗಕ್ಕೆ ಸರಿಯಾಗಿ.

ಮಾರ್ಚ್ 14, ಶನಿವಾರ

ಹೆಂಡತಿಗೆ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವಳೂ ನನ್ನ ಭಾಷಣದ ಕಥೆಯನ್ನೇ ನಿಜವೆಂದು ನಂಬಿದ್ದವಳು.

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ತಟ್ಟೆ ತೊಳೆಯುತ್ತಾ, ‘ಹಲ್ಲು ಕೀಳಿಸೋಕೆ ಬಂದವರೂ ಹೀಗೇ. ಕುರ್ಚಿಲಿ ಕೂತ ತಕ್ಷಣ ನೋವೇ ಇಲ್ಲ ಡಾಕ್ಟ್ರೇ ಅಂತ ಎದ್ದು ಹೋಗ್ತಾರೆ. ಮೂರನೇ ದಿನ ಕೆನ್ನೆ ಹಿಡ್ಕೊಂಡು ಬರ್ತಾರೆ’ ಎಂದಳು. ಆಮೇಲೆ, ‘ನಿಮಗೆ ಇವತ್ತು ಎಷ್ಟನೇ ದಿನ?’

ಮಾರ್ಚ್ 16, ಸೋಮವಾರ

ಬಣ್ಣದ ಕಂಪನಿಯಲ್ಲಿ ಭಾಷಣ. ನಿಜ ಹೇಳಿಬಿಡೋಣ ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ‘ಎಂಟು ವರ್ಷ ನನ್ನ ಪಕ್ಕ ನಿಂತ ಗೆಳೆಯ’ ಎಂದು ಶುರುಮಾಡಿದೆ. ಬಾಯಿಗೆ ತನ್ನದೇ ದಾರಿ ಅಭ್ಯಾಸವಾಗಿದೆ, ಹಳೆ ಎತ್ತಿನ ಹಾಗೆ. ಹೆಗಲ ಮೇಲೆ ಕೈಯಿಟ್ಟು, ಹಾರು ಕಣೋ ಎಂದಿತು. ನೀರು ಕುಡಿದೆ.

ಚಪ್ಪಾಳೆ ಹತ್ತೊಂಬತ್ತು. ಗಡಿಯಾರ ಹನ್ನೆರಡನೆಯದು. ಕಾರಿನ ಡಿಕ್ಕಿಯಲ್ಲೇ ಬಿಟ್ಟು ಬಂದಿದ್ದೇನೆ.

ಮಾರ್ಚ್ 18, ಬುಧವಾರ

ಒಂದು ಉಪಾಯ ಹೊಳೆಯಿತು. ನನ್ನಂಥವನಿಗೆ ಉಪಾಯಕ್ಕೆ ಬರವಿಲ್ಲ. ಟೇಪು ಕೊಡುವುದು ಹೌದು, ನನ್ನ ಆ ಮಾತನ್ನು ಮಾತ್ರ ಕತ್ತರಿಸಿ ಕೊಡುವುದು. ಹನ್ನೆರಡು ಸೆಕೆಂಡಿನ ಕೆಲಸ. ಅವನಿಗೆ ಧ್ವನಿ ಸಿಗುತ್ತದೆ, ನನಗೆ ಮಾನ ಉಳಿಯುತ್ತದೆ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಸೌಂಡಿನವನು ಈಗ ಕಿವಿ ಮಿಷನ್ ಅಂಗಡಿ ಇಟ್ಟಿದ್ದಾನೆ. ‘ಆಗ ನಾವು ಕಿವಿ ಕೆಡಿಸಿದವರೇ ಈಗ ಗಿರಾಕಿಗಳು’ ಎಂದು ನಗುತ್ತಾನೆ. ಹಿಂದಿನ ಕೋಣೆಯಲ್ಲಿ ಹಳೆಯ ಮಿಷನ್ನು ಇನ್ನೂ ಇದೆ. ಟೇಪು ಹಾಕಿ ನನಗೂ ಒಂದು ಹೆಡ್‌ಫೋನ್ ಕೊಟ್ಟ. ಎಡಗಿವಿಗೆ ಮಿಷನ್ ಕೋಣೆಯ ಮೈಕು, ಬಲಗಿವಿಗೆ ಹಾಡುವ ಕೋಣೆಯದು. ಮನೆಯಲ್ಲಿ ನಾನು ಹಾಕಿ ಕೇಳಿದ ಡಬ್ಬಿಗೆ ಒಂದೇ ಸ್ಪೀಕರು, ಅದೂ ಎಡಗಡೆಯದು. ಹೂಂನ ಮಾತು ಚೊಕ್ಕವಾಗಿ ಸಿಗಲೆಂದು ಅವನು ಬಲಗಡೆಯ ಸದ್ದನ್ನು ಪೂರ್ತಿ ಏರಿಸಿದ.

ಎಡಗಿವಿಯಲ್ಲಿ ಬಾಗಿಲು. ಹರಟೆ. ನಾನು. ‘ಧ್ವನಿ ಇದ್ರೆ ಸಾಕು. ಆಳನ್ನ ಯಾಕೆ ಹೊತ್ಕೊಂಡು ತಿರುಗಬೇಕು?’

ಬಲಗಿವಿಯಲ್ಲಿ ಅದೇ ಮಾತು, ಸ್ವಲ್ಪ ದೂರದಿಂದ. ಹಾಡುವ ಕೋಣೆಯ ಸ್ಪೀಕರಿನಿಂದ. ಆಮೇಲೆ ಸ್ಟೂಲಿನ ಮೇಲೆ ಗಾಜಿನ ಲೋಟ ಇಟ್ಟ ಸದ್ದು. ಒಂದು. ಎರಡು. ಮೂರು. ಆಮೇಲೆ ತುಂಬ ಮೆಲ್ಲಗೆ,

‘ಹೂಂ.’

ಸೌಂಡಿನವನು ಟೇಪು ನಿಲ್ಲಿಸಿದ. ಆ ಕೋಣೆಗೆ ಮಾತಾಡಲು ಒಂದು ಗುಂಡಿ ಇತ್ತು. ಒತ್ತಿದರೆ ಈ ಕಡೆಯ ಮಾತು ಆ ಕಡೆ ಕೇಳುತ್ತದೆ. ಹಾಡಿನವರಿಗೆ ಸೂಚನೆ ಕೊಟ್ಟು ಗುಂಡಿ ಬಿಡಿಸುವುದನ್ನು ನಾನು ಯಾವಾಗಲೂ ಮರೆಯುತ್ತಿದ್ದೆ, ಅವನು ಯಾವಾಗಲೂ ಬೈಯುತ್ತಿದ್ದ. ಹೂಂ ಹಿಂಬಾಗಿಲಿನಿಂದ ಟೀ ತಂದು ಅಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಸಾಲು ಮುಗಿದ ಜಾಗದಲ್ಲಿ, ಅಭ್ಯಾಸಬಲದಿಂದ, ಹೂಂ ಎಂದಿದ್ದ.

ಟೇಪು ಮುಂದಕ್ಕೆ ಹೋಯಿತು. ನಾನು ಕೂಗಿ, ಎಲ್ಲಿ ಹೋಗಿದ್ಯೋ, ಮೈಕ್ ಟೆಸ್ಟ್ ಇದೆ, ಸುಮ್ಮನೆ ಹೂಂ ಅನ್ನುತ್ತಾ ಹೋಗು ಎನ್ನುತ್ತೇನೆ. ಅವನು ಶುರುಮಾಡುತ್ತಾನೆ. ಸಿಟ್ಟಿನದು, ನಗುವಿನದು, ಉದ್ದದ್ದು, ತುಂಡು. ಅರವತ್ತೆರಡು. ಕೊನೆಗೆ ಅವನ ಮಾತು. ಈ ಮಾತು ನನಗೆ ನೆನಪಿತ್ತು. ಇಷ್ಟು ದಿನ ಅದನ್ನು ಅವನ ಮುಗ್ಧತನವೆಂದು ನೆನೆದು ನಾಚುತ್ತಿದ್ದೆ.

‘ಸಾಕಾ? ಇನ್ನೊಂದಷ್ಟು ತಗೊಂಡಿರು. ಆಮೇಲೆ ಬೇಕಾಗುತ್ತೆ.’

ಸೌಂಡಿನವನು ಹೆಡ್‌ಫೋನ್ ತೆಗೆದಿಟ್ಟು, ‘ಎಲ್ಲಿಂದ ಎಲ್ಲಿಗೆ ಕತ್ತರಿಸಲಿ?’ ಎಂದು ಕೇಳಿದ.

ಮಾರ್ಚ್ 19, ಗುರುವಾರ



ಅವನು ಮೂರು ಟೀ ತಂದಿದ್ದ. ನಾವು ಮೂರು ಜನ.

ಮಾರ್ಚ್ 21, ಶನಿವಾರ

ಟೇಪು ಕೊಟ್ಟೆ. ಪೂರ್ತಿ.

ಮಗಳ ಆಸ್ಪತ್ರೆಯ ಹೊರಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಕೊಟ್ಟೆ. ಕೊಡುವ ಮೊದಲು ಅದರಲ್ಲಿ ಏನಿದೆ ಎಂದು ಹೇಳಿದೆ. ಪ್ರಾಸ ಇಲ್ಲದೆ, ನೀರು ಕುಡಿಯದೆ. ನನ್ನ ಆ ಮಾತು ಬರುವ ನಿಮಿಷವನ್ನೂ ಬರೆದುಕೊಟ್ಟೆ, ಅವಳು ಎಡವಿ ಬೀಳದಿರಲಿ ಎಂದು. ಅವಳು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಜೇನು ಹೋಯಿತಾ ಎಂದು ಕೇಳಿದಳು. ಜೇನು ಇರಲಿಲ್ಲ ಎಂದೆ.

ಸಂಜೆ ಮೆಸೇಜು: ‘ಕೇಳಿದೆ ಸಾರ್. ಧ್ವನಿ ಚೆನ್ನಾಗಿದೆ, ತಂಡದವರಿಗೆ ಸಾಕಾಗುತ್ತಂತೆ. ಅಮ್ಮನಿಗೆ ಆ ಭಾಗ ಕೇಳಿಸಿಲ್ಲ.’

ಸಾರ್.

ಮಾರ್ಚ್ 30, ಸೋಮವಾರ

ಕಾರ್ಯಕ್ರಮ ಮುಗಿಯಿತು.

ಪೆನ್‌ಡ್ರೈವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮೊದಲ ಹಾಡಿನ ನಾಲ್ಕನೇ ಸಾಲಿಗೆ ಒಂದೇ ಉಸಿರಿನ ಸರದಾರನ ಉಸಿರು ಕಟ್ಟಿತು. ಹೂಂ ಬೀಳಬೇಕಾದ ಜಾಗದಲ್ಲಿ ನಾನು ಬಾವಿ ಸೇದುವವನ ಹಾಗೆ ಉಸಿರು ಎಳೆದುಕೊಂಡದ್ದು ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು. ಮುಂದಿನ ಸಾಲಿನ ಲಯ ತಪ್ಪಿತು. ಕರೆಂಟಿನ ತೊಂದರೆ ಎಂದುಕೊಂಡು ಒಬ್ಬ ವೈರು ಅಲ್ಲಾಡಿಸಲು ಓಡಿ ಬಂದ. ಅವನನ್ನು ಕೂರಿಸಿ ಸಭೆಗೆ ಹೇಳಿದೆ: ಈ ಜಾಗದಲ್ಲಿ ಒಬ್ಬನಿದ್ದ. ತಾನಾಗಿ ಹೋಗಲಿಲ್ಲ, ನಾನು ಬಿಟ್ಟೆ. ಸುಳ್ಳು ಹೇಳಿ ಅವನ ಧ್ವನಿ ತೆಗೆದಿಟ್ಟುಕೊಂಡೆ. ಈಗ ಅವನಿಗೆ ಧ್ವನಿಯಿಲ್ಲ, ನನ್ನ ಹತ್ತಿರ ಅರವತ್ತೆರಡಿವೆ. ಅಷ್ಟು ಹೇಳಿ ಉಳಿದ ಹಾಡು ಹಾಡಿದೆ, ಸಾಲಿಗೊಂದು ಸಲ ನಿಂತು, ಉಸಿರು ಎಳೆದುಕೊಂಡು.

ಹೂಂ ಬಂದಿರಲಿಲ್ಲ. ಕರೆದಿದ್ದೆ. ಮಗಳು ಕೊನೆಯ ಸಾಲಿನಲ್ಲಿ ಕೂತಿದ್ದವಳು ಮುಗಿಯುವ ಮೊದಲೇ ಎದ್ದು ಹೋದಳು. ಡ್ಯೂಟಿ ಇತ್ತೇನೋ. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು.

ಮನೆಗೆ ಬರುವಾಗ, ಚಪ್ಪಾಳೆ ಎಷ್ಟಾಯಿತು ಎಂದು ಅವಳು ಕೇಳಿದಳು. ನೆನಪಾಗಲಿಲ್ಲ.

ಏಪ್ರಿಲ್ 7, ಮಂಗಳವಾರ

ಮೂರು ಕಂಪನಿಯವರು ಭಾಷಣ ಬೇಡವೆಂದರು. ಒಬ್ಬ ಅಧಿಕಾರಿ ಬಹಳ ಸಂಕೋಚದಿಂದ ವಿವರಿಸಿದರು: ಜೊತೆಗಾರಿಕೆ ಎಂಬ ವಿಷಯಕ್ಕೆ ತಾವು ಈಗ ಅಷ್ಟು ಸೂಕ್ತರಾಗಿ ಕಾಣುವುದಿಲ್ಲ, ಸಮಯಪಾಲನೆ ಬಗ್ಗೆ ಏನಾದರೂ ಇದ್ದರೆ ನೋಡೋಣ. ನಮ್ಮ ಮನೆಯ ಹನ್ನೊಂದು ಗಡಿಯಾರ ನೋಡಿದೆ. ಸಮಯಪಾಲನೆಗೂ ನಾನು ಆಗುವವನಲ್ಲ.

ಮೇ 16, ಶನಿವಾರ

ಧ್ವನಿ ಬಂದಿದೆ ಎಂದು ಹೂಂನ ಹೆಂಡತಿ ಫೋನ್ ಮಾಡಿ ಕರೆದರು. ಕರೆದದ್ದು ಅವರೋ ಅವನೋ ಕೇಳಲಿಲ್ಲ. ಹೋದೆ.

ಅವನು ನನ್ನನ್ನು ಎದುರು ಕೂರಿಸಿಕೊಂಡು ಬಹಳ ಹೊತ್ತು ಕುಟ್ಟಿದ. ಐವತ್ತನಾಲ್ಕರ ಮುಖ, ಬಾಯಿ ಮುಚ್ಚಿದೆ, ಕೈಯಲ್ಲಿನ ಫೋನಿನಿಂದ ಮೂವತ್ತೆರಡರ ಧ್ವನಿ:

‘ಅವತ್ತು ಮೂರು ಟೀ ತಂದಿದ್ದೆ. ನೀನು ಕುಡೀಲೇ ಇಲ್ಲ.’

ಹೂಂ ಎಂದೆ.

ಅವನು ಮತ್ತೆ ಕುಟ್ಟತೊಡಗಿದ. ಅದರ ವಿಷಯವಲ್ಲ. ಮತ್ತೆ ಪಾಠ ಶುರುಮಾಡಿದ್ದಾನಂತೆ. ಪೋಸ್ಟಾಫೀಸಿನಿಂದ ರಿಟೈರ್ ಆದ ಅರವತ್ತೆಂಟರ ಅಮ್ಮನೊಬ್ಬಳು ಕಾರು ಕಲಿಯಲು ಬಂದಿದ್ದಾಳೆ. ಒಂದೇ ಗೇಟಿಗೆ ನಾಲ್ಕು ಸಲ ಗುದ್ದಿದ್ದಾಳೆ. ಅದು ಅವಳ ತಮ್ಮನ ಮನೆಯ ಗೇಟು. ಎರಡು ಸಲವಾದ ಮೇಲೆ ತನಗೆ ಅನುಮಾನ ಬಂದಿತು ಎನ್ನುತ್ತಾನೆ. ಒಂದೊಂದು ಸಾಲಿಗೂ ಎರಡೆರಡು ನಿಮಿಷ. ಫೋನು ಹೇಳಿ ಮುಗಿಸುತ್ತದೆ, ಅವನು ನನ್ನ ಮುಖ ನೋಡುತ್ತಾನೆ, ನಾನು ಹೂಂ ಎನ್ನುತ್ತೇನೆ, ಅವನು ಮತ್ತೆ ತಲೆ ತಗ್ಗಿಸುತ್ತಾನೆ. ಎಂಟು ವರ್ಷ ಜೊತೆಗಿದ್ದೆ, ಇವನಿಗೆ ಇಷ್ಟು ಚೆನ್ನಾಗಿ ಕಥೆ ಹೇಳಲು ಬರುತ್ತದೆಂದು ಗೊತ್ತಿರಲಿಲ್ಲ. ಮದುವೆಯ ಚಪ್ಪಲಿಯ ಕಥೆಯನ್ನೂ ಟೇಪಿನಲ್ಲಿ ಕೇಳುವಾಗ ಗಮನಿಸಿದೆ, ನಡುನಡುವೆ ನಾನೇ ಬಾಯಿ ಹಾಕಿದ್ದೇನೆ.

ಮಗಳು ಒಳಗಿನಿಂದ ಬಂದು, ‘ಟೀ ಸಾರ್’ ಎಂದು ಲೋಟ ಇಟ್ಟು ಹೋದಳು.

ಕಥೆ ಮುಗಿದ ಮೇಲೆ ಹೇಳಿದೆ. ‘ಅವತ್ತಿನದು ತಪ್ಪಾಯ್ತು ಕಣೋ. ಅವತ್ತಿನಿಂದ ಇವತ್ತಿನವರೆಗಿನದೂ.’

ಅವನು ಕುಟ್ಟಲಿಲ್ಲ. ಮಗಳು ಮಾಡಿಟ್ಟ ನಲವತ್ತು ಗುಂಡಿಗಳಲ್ಲಿ ಒಂದನ್ನು ಒತ್ತಿದ.

‘ಹೂಂ.’

ಅರವತ್ತೆರಡೂ ನನಗೆ ಬಾಯಿಪಾಠ. ಇದು ಅವುಗಳಲ್ಲಿ ಒಂದಲ್ಲ. ಮೆಲ್ಲಗಿನದು. ಹಿಂದೆ ಲೋಟ ಇಟ್ಟ ಸದ್ದಿನ ಚೂರೊಂದು ಇನ್ನೂ ಅಂಟಿಕೊಂಡಿದೆ. ಗುಂಡಿಗೆ ಯಾವ ಹೂಂ ಬೇಕು ಎಂದು ತಂಡದವರು ಕೇಳಿದಾಗ, ಅವನೇ ಇಡೀ ಟೇಪು ಕೇಳಿ ಇದನ್ನು ಆರಿಸಿದನಂತೆ. ಅವನ ಹೆಂಡತಿ ಹೇಳಿದರು, ಇದರಲ್ಲಿ ಏನು ಹೆಚ್ಚೋ ನನಗಂತೂ ತಿಳಿಯಲಿಲ್ಲ ಅಣ್ಣಾ, ಎಂದು.

ಟೀ ಬಿಸಿಯಿತ್ತು, ಬಾಯಿ ಸುಟ್ಟುಕೊಂಡು ಪೂರ್ತಿ ಕುಡಿದೆ.

ಮನೆಗೆ ಬಂದಮೇಲೂ ಸುಟ್ಟ ಬಾಯಿ ಉರಿಯುತ್ತಿತ್ತು. ಹೆಂಡತಿ ಉಪ್ಪುನೀರು ಕೊಟ್ಟು, ‘ಕ್ಷಮೆ ಕೇಳಿದ್ರಾ?’ ಎಂದಳು.

‘ಕೇಳಿದೆ.’

‘ಏನಂದ್ರು?’

‘ಹೂಂ ಅಂದ.’